ಒರೆಸಿದ ಬಿಳಿ ಹೊಳಪು

ರೀ,

ಲಗ್ನದ ಶೂಟಿಂಗ್‌ನಾಗ ನೀವು ಫೋನ್ ಎತ್ತೂದಿಲ್ಲ, ಅದಕ್ಕ ಬರೆದಿಟ್ಟೀನಿ. ಶಾಂಭವಿನ್ನ ಕರಕೊಂಡು ಆಸ್ಪತ್ರೆಗೆ ಹೊಂಟೀನಿ. ಪ್ರಜ್ಞೆ ತಪ್ಪಿಸಿ ಕಣ್ಣು ನೋಡ್ತಾರಂತ. ಅದಕ್ಕ ಕೂಸಿಗೆ ಬೆಳಗಿನಿಂದ ಹಾಲೂ ಕೊಟ್ಟಿಲ್ಲ, ಅತ್ತು ಅತ್ತು ಸೋತದ.

ಕಣ್ಣಿನೊಳಗ ಗಡ್ಡೆ ಅದ ಅಂತ ನಿನ್ನೆ ಡಾಕ್ಟರು ಹೇಳಿದ್ರು. ಎಂದಿನಿಂದ ಅದ ಅಂತ ತಿಳೀಲಿಕ್ಕೆ ಹಳೇ ಫೋಟೊ ಕೇಳ್ಯಾರ. ಫ್ಲ್ಯಾಶ್ ಬಿದ್ದಾಗ ಇಂಥ ಕಣ್ಣಿನ ಪಾಪೆ ಬೆಳ್ಳಗ ಹೊಳೀತದಂತ. ಆಲ್ಬಮ್ ತೆಗೆದು ನೋಡಿದೆ, ಎಲ್ಲಾದರಾಗೂ ಕರ್ರಗ ಅದ. ಯೆರವಡಾದ ನಿಮ್ಮ ಸ್ಟುಡಿಯೋದಾಗ ಕೂತು, ಗಿರಾಕಿಗಳ ಮೊಡವಿ ಒರೆಸಿದಂಗ ಮಗಳ ಪಾಪೆಯ ಬಿಳಿ ಹೊಳಪು ಒರೆಸೀರಿ. ನನಗೊಂದು ಮಾತು ಹೇಳಬೇಕು ಅನಿಸಲಿಲ್ಲೇನು ನಿಮಗ? ಆಕೀ ಕಣ್ಣು ಓರೆ ಆದಾಗ, ಮಾಲುಗಣ್ಣು ಅದೃಷ್ಟ ಅಂತ ನಕ್ರಿ.

ತಿದ್ದದ ಫೋಟೊ ಕಂಪ್ಯೂಟರಿನಾಗ ಇದ್ದರ ಹುಡುಕಿ ತಗೊಂಡು ಬರ್ರಿ. ರೊಟ್ಟಿ ಡಬ್ಬಿಯಾಗ ಅವ, ತಿಂದು ಬರ್ರಿ. ಅಲ್ಲಿ ನಿಮ್ಮನ್ನೂ ಸಂಭಾಳಿಸಲಿಕ್ಕೆ ನನಗ ಆಗೂದಿಲ್ಲ.

ಗಡ್ಡೆ ದೊಡ್ಡದಿದ್ದರ, ಜೀವ ಉಳಿಸಲಿಕ್ಕೆ ಕಣ್ಣು ತೆಗೀಬೇಕಾಗ್ತದಂತ. ತೆಗೀಲಿ, ಕೂಸು ಉಳಿದರ ಸಾಕು. ಆದರ ಆಮ್ಯಾಲೆ ಆಕೀ ಫೋಟೊದಾಗ ಎರಡನೇ ಕಣ್ಣು ನೀವು ಬರೀಬ್ಯಾಡ್ರಿ.

ಸುಮಂಗಲಾ