ಪಕ್ಕದ ಪಿನ್ನು

ಜುಲೈ ೧೪, ಮಂಗಳವಾರ. ಶಾಂತಿಗ್ರಾಮ

ನಮ್ಮ ಹಸು ಕೆಂದಿ ಇನ್ನೂ ಕೆಚ್ಚಲು ಮುಟ್ಟಿಸಿಕೊಳ್ಳುತ್ತಿಲ್ಲ.

ಮಿಷನ್ನು ಹಾಲು ಹೀರುವ ಒತ್ತಡ ಅಳೆಯಲು ಸೆನ್ಸರ್ ಕೂರಿಸಿದವಳು ನಾನೇ. ಅದರ ಕೆಂಪು ತಂತಿ ಸರ್ಕ್ಯೂಟ್ ಬೋರ್ಡಿನ ಐದು ವೋಲ್ಟಿನ ಪಿನ್ನಿಗೆ ಹೋಗಬೇಕಿತ್ತು. ಆತುರದಲ್ಲಿ ಪಕ್ಕದ ಮೂರೂ ಚಿಲ್ಲರೆ ವೋಲ್ಟಿನದಕ್ಕೆ ಸಿಕ್ಕಿಸಿಬಿಟ್ಟಿದ್ದೆ. ಹಾಗಾಗಿ ಬೆಳಿಗ್ಗೆ ಒತ್ತಡ ಸರಿಯಿದ್ದರೂ ಪರದೆಯಲ್ಲಿ ಕಮ್ಮಿ ಕಂಡಿತು. ಅದನ್ನೇ ನಂಬಿ ವಾಲ್ವ್ ತಿರುಗಿಸಿ ಏರಿಸಿದೆ. ಕೆಂದಿ ಒದ್ದಳು. ತೊಟ್ಟುಗಳು ಕೆಂಪಗೆ ಊದಿಕೊಂಡಿವೆ.

ಸಂಜೆ ತಂತಿ ನೋಡಿದಾಗಲೇ ತಪ್ಪು ಗೊತ್ತಾದದ್ದು. ಹೇಳಿಬಿಡೋಣವೆಂದು ಕೊಟ್ಟಿಗೆಗೆ ಹೋದರೆ, ಅತ್ತೆ ಆಗಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದ್ದರು. ನಿನ್ನೆ ಪಕ್ಕದ ಮನೆ ಪಾರ್ವತಮ್ಮ ಕೆಂದಿಯನ್ನು ನೋಡಿ, “ಏನ್ ಕೆಚ್ಚಲವ್ವಾ ಇದು” ಅಂದಿದ್ದರು, ಅಷ್ಟೇ.

“ಗಾಟೇ ಬರ್ನಿಲ್ಲ, ನೋಡ್ದಾ?” ಅಂದರು ಅತ್ತೆ. “ಅವಳ್ದೇ ಕಣ್ಣು ಕಣವ್ವ. ಇನ್ಮ್ಯಾಕೆ ಅವಳು ನಮ್ಮಟ್ಟಿ ಬಾಗ್ಲು ತುಳಿಯಂಗಿಲ್ಲ.”

ತಂತಿಯನ್ನೇನೋ ಸರಿಯಾದ ಪಿನ್ನಿಗೆ ಹಾಕಿದ್ದಾಯಿತು. ಬೆಳಗಾದರೆ ಪಾರ್ವತಮ್ಮ ಮಜ್ಜಿಗೆಗೆ ಚೊಂಬು ಹಿಡಿದು ಬರುತ್ತಾರೆ. ಬಾಗಿಲಲ್ಲಿ ಅತ್ತೆಯೇ ನಿಂತಿರುತ್ತಾರೆ. ಅಷ್ಟರೊಳಗೆ ನಾನು…

ಅತ್ತೆಗೆ ಘಾಟು ಬರಲಿಲ್ಲವಂತೆ. ನನಗೆ ಬಂದಿತ್ತು. ಕೆಮ್ಮು ಕೇಳಿಸದಂತೆ ಬಾಯಿಗೆ ಸೆರಗು ಅದುಮಿಕೊಂಡು ನಿಂತಿದ್ದೆ.