ಬ್ಯಾರನ್ನಿನ ಕಾವು

ರಾವಂದೂರು
೧೨-೧೦-೧೯೭೪

ಚಿ. ಸೌ. ತಿಮ್ಮಮ್ಮನಿಗೆ ನಿನ್ನ ಗಂಡ ಮಂಟಯ್ಯ ಬರೆಯುವುದು.

ಹೇಗಿದ್ದೀಯ? ತಲೆನೋವು ಕಡಿಮೆಯಾಯಿತೆ? ಮಾವನವರ ಕೆಮ್ಮು ಹೇಗಿದೆ? ಇಲ್ಲಿ ನಾನೂ ಅವ್ವನೂ ಚೆನ್ನಾಗಿದ್ದೇವೆ. ಎಮ್ಮೆ ಮಾತ್ರ ಅವ್ವನ ಕೈಗೆ ಸರಿಯಾಗಿ ಹಾಲು ಕೊಡುತ್ತಿಲ್ಲ, ನಿನ್ನನ್ನೇ ಹುಡುಕುತ್ತದೆ. ಈ ಪತ್ರವನ್ನೂ ನಿನ್ನ ಸೋದರಮಾವನ ಮಗ ನಂಜಣ್ಣನೇ ಓದಿ ಹೇಳುತ್ತಾನೆಂದು ಗೊತ್ತು. ಜಗಲಿ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಮನೆಮಂದಿಗೆಲ್ಲ ಕೇಳುವ ಹಾಗೆ. ನಿನಗೆ ಓದು ಬಾರದ್ದಕ್ಕೆ ನಾನು ಎಂದೂ ಬೇಜಾರು ಮಾಡಿಕೊಂಡವನಲ್ಲ. ನೀನು ಗುರುಪುರಕ್ಕೆ, ತವರಿಗೆ ಹೋದ ಈ ಎರಡು ತಿಂಗಳಲ್ಲಿ ದಿನಾ ಮಾಡಿಕೊಂಡಿದ್ದೇನೆ. ಗಂಡ ಹೆಂಡತಿಗೆ ಬರೆದ ಮಾತು ಅವನ ಬಾಯಿಂದಲೇ ನಿನ್ನ ಕಿವಿಗೆ ಬೀಳಬೇಕೆ?

ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು. ಮೊನ್ನೆ ಬಸ್ಸಿನಲ್ಲಿ ಸಿಕ್ಕ ನಮ್ಮೂರ ಅಂಕಯ್ಯ, ನಿನ್ನನ್ನು ಹುಣಸೂರು ಸಂತೆಯಲ್ಲಿ ಕಂಡೆನೆಂದ. ನಂಜಣ್ಣನ ಕಿರಿಮಗು ನಿನ್ನ ಸೊಂಟದ ಮೇಲಿತ್ತಂತೆ. ಅವನು ಟಿಬೆಟಿನವರಿಂದ ಕೊಂಡ ಕೆಂಪು ಸ್ವೆಟರ್ ಹಾಕಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದನಂತೆ. ಅವನ ಹೆಂಡತಿ ಸುಂದ್ರಮ್ಮನೂ ಜೊತೆಗಿದ್ದಳೆಂದು ಅಂಕಯ್ಯ ಆಮೇಲೆ ಸೇರಿಸಿದ. ಅಷ್ಟರಲ್ಲಿ ನನಗೆ ಉರಿದುಹೋಗಿತ್ತು. ನಿನ್ನನ್ನು ಮೊದಲು ಕೇಳಿದ್ದು ಅವನಿಗೇ ತಾನೆ? ಅಲ್ಲಿಗೇ ಕೊಟ್ಟಿದ್ದರೆ ಅವನ ಮೂರು ಮಕ್ಕಳೂ ನಿನ್ನವೇ ಆಗುತ್ತಿದ್ದವು ಎಂದು ನೀನು ಅಂದುಕೊಳ್ಳುತ್ತೀಯೋ ಇಲ್ಲವೋ, ನಾನಂತೂ ಅಂದುಕೊಳ್ಳುತ್ತೇನೆ. ಇಷ್ಟಕ್ಕೂ ಹಾಡುಹಗಲು ಸಂತೆಗೆ ಸ್ವೆಟರ್ ಯಾಕೆ ಅವನಿಗೆ?

ನಮ್ಮ ಮದುವೆಯಾಗಿ ಏಳು ವರ್ಷ. "ಅವಳ ಮೈ ಉಷ್ಣ ಕಣ್ಲಾ, ಅದ್ಕೇ ಬಸ್ರಾಗ್ತಿಲ್ಲ" ಎಂದು ಅವ್ವ ನಿನಗೆ ಮಾಡದ ತಂಪಿಲ್ಲ. ಲೋಳೆಸರ, ನೆನೆಸಿದ ಮೆಂತ್ಯ, ವಾರಕ್ಕೆರಡು ಸಲ ತಲೆಗೆ ಹರಳೆಣ್ಣೆ. ನಿನ್ನ ತವರಿನಲ್ಲೂ ಅದನ್ನೇ ಮುಂದುವರಿಸಿದ್ದಾರಂತೆ. ಹಾರನಹಳ್ಳಿಯಿಂದ ಇನ್ನೊಬ್ಬಳನ್ನು ತರೋಣ ಎಂದು ಅವ್ವ ಮಾತೆತ್ತಿದ ದಿನ ನೀನು ಬಟ್ಟೆ ಗಂಟು ಕಟ್ಟಿದೆ. ನಾನು ಅವ್ವನಿಗೆ ಬೇಡ ಎನ್ನಲಿಲ್ಲ, ನಿನಗೆ ಹೋಗಬೇಡ ಎನ್ನಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಎದ್ದು ಹೋದೆ. ಅದರ ಒಲೆಬಾಯಿಗೆ ನನ್ನಷ್ಟು ಹದವಾಗಿ ಸೌದೆ ಹಾಕುವವರು ಈ ಹೋಬಳಿಯಲ್ಲೇ ಇಲ್ಲವೆಂಬ ಜಂಬ ಬೇರೆ. ಒಮ್ಮೆ ನಾನು ಅಲ್ಲಿಂದ ಬಂದಾಗ ನೀನು ತೋಳು ಮುಟ್ಟಿ, "ಉಷ್ಣ ನಂದಲ್ಲ ಕಣ್ರೀ, ನಿಮ್ಮ ಮೈಯೇ ಕೆಂಡ ಆದಂಗದೆ" ಅಂದಿದ್ದೆ. ನಾನು ಹೊಗಳಿಕೆ ಎಂದುಕೊಂಡು ಮೀಸೆ ತಿರುವಿದ್ದೆ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಸುಂದ್ರಮ್ಮನ ಮಕ್ಕಳಿಗೆ ಆಶೀರ್ವಾದ. ಅವರಪ್ಪನಿಗೂ ಏನೋ ಒಂದು ಹೇಳು.

ನಿನ್ನ ದಾರಿ ನೋಡುತ್ತಿರುವ,
ಮಂಟಯ್ಯ

ವಿ. ಸೂ. ಇನ್‌ಲ್ಯಾಂಡ್ ಕಾಗದದಲ್ಲಿ ಮಡಿಸುವ ಅಂಚಷ್ಟೇ ಉಳಿದಿದೆ. ಹೋದ ವಾರ ಮೈಸೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡೆ. ಕೊರತೆ ನನ್ನಲ್ಲಿದೆ. ವೀರ್ಯದಲ್ಲಿ ಜೀವಾಣು ಕಡಿಮೆ, ಇರುವವಕ್ಕೂ ಓಡುವ ಶಕ್ತಿಯಿಲ್ಲ. ಒಲೆಯ ಕಾವು, ಬೀಡಿಯ ಹೊಗೆ ಎರಡೂ ಸೇರಿ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಕೆಡಿಸಿರಬಹುದು ಅಂದರು. ಮೂರು ತಿಂಗಳು ಎರಡನ್ನೂ ಬಿಟ್ಟು ಬಾ, ಆದರೆ ಆಗೇ ಆಗುತ್ತದೆ ಎಂದು ಮಾತು ಕೊಡಲಾರೆ ಅಂದರು. ಬಿಟ್ಟಿದ್ದೇನೆ. ಅವ್ವನಿಗೂ ಹೇಳಿದೆ, ಹಾರನಹಳ್ಳಿ ಮಾತು ನಿಂತಿದೆ. ಬರುವುದೂ ಬಿಡುವುದೂ ನಿನ್ನಿಷ್ಟ. ನನ್ನ ಮಾನ ಉಳಿಸಲೆಂದು ನಂಜಣ್ಣ ಇದನ್ನೆಲ್ಲ ಮನಸ್ಸಿನಲ್ಲೇ ಓದಿಕೊಂಡಿರುತ್ತಾನೆ, ಅವನು ಅಂಥವನೇ. ಬ್ಯಾಡ ನಂಜಣ್ಣ. ಅತ್ತೆ ಮಾವನ್ನ ಕರೆದು ಕೂರಿಸ್ಕೊಂಡು ಓದು. ನಮ್ಮ ತಿಮ್ಮಮ್ಮನಲ್ಲಿ ಏನೂ ಕೊರತೆ ಇಲ್ಲ ಕಣೋ. ಗಟ್ಟಿಯಾಗಿ ಓದು.