ಚಿತ್ರದಲ್ಲಿ ಫೀಬಿ ಇಲ್ಲ

ಥಾರ್ನಿ ಹಳ್ಳಿ, ಸಫೋಕ್
೯ ನವೆಂಬರ್ ೧೮೬೮

ಪ್ರೀತಿಯ ಕೆಜಿಯಾ ಅಕ್ಕ,

ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಕೋಪಿಸಿಕೊಳ್ಳಬೇಡ. ಫೀಬಿಯನ್ನು ಮಣ್ಣು ಮಾಡಿ ಬಂದ ಮೇಲೆ ಲೇಖನಿ ಹಿಡಿದರೆ ಅವಳ ಹೆಸರನ್ನೇ ಬರೆಯಬೇಕಾದೀತೆಂದು ಹೆದರಿದ್ದೆ. ನಿನ್ನ ಮಂಡಿನೋವು ಹೇಗಿದೆ? ನಮ್ಮ ಹಂದಿ ಒಂಬತ್ತು ಮರಿ ಹಾಕಿದೆ.

ಮಾರ್ಚಿನಲ್ಲಿ ಆಲ್ಡಸ್ ಎಂಬ ಚಿತ್ರಕಾರರು ಬಂದಿದ್ದರಲ್ಲ, ನಮ್ಮ ಕೊಟ್ಟಿಗೆ, ಕೊಳ, ಹುಲ್ಲು ಎತ್ತುವ ನನ್ನ ಗಂಡ ಜೇಬೆಜ್, ಬಾತುಗಳಿಗೆ ಕಾಳು ಚೆಲ್ಲುವ ಫೀಬಿ, ಎಲ್ಲವನ್ನೂ ಎಣ್ಣೆಬಣ್ಣದಲ್ಲಿ ಬರೆದುಕೊಂಡು ಹೋಗಿದ್ದರು. ನನ್ನ ಮಗಳ ರೂಪವೆಂದು ಉಳಿದದ್ದು ಅದೊಂದೇ. ಇಪ್ಸ್‌ವಿಚ್‌ನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿದ್ದಾರೆಂದು ಪಾದ್ರಿಗಳ ಹೆಂಡತಿ ಹೇಳಿದರು. ಶನಿವಾರ ಹನ್ನೊಂದು ಮೈಲಿ ನಡೆದುಹೋದೆ. ಜೇಬೆಜ್ ಮಾತ್ರ, "ನೀನೇ ನೋಡ್ಕೊಂಡ್ ಬಾ, ನನ್ ಕೈಲಾಗಲ್ಲ" ಎಂದುಬಿಟ್ಟ.

ಚಿನ್ನದ ಚೌಕಟ್ಟು ಹಾಕಿದ್ದರು. ಹಂದಿ ಇತ್ತು, ಜೇಬೆಜನ ಚಲ್ಲಣದ ತೇಪೆಯೂ ಇತ್ತು. ಫೀಬಿ ನಿಂತಿದ್ದ ಜಾಗದಲ್ಲಿ ಒಂದು ಕಂದು ನಾಯಿ ಕೂತಿತ್ತು, ಅಕ್ಕ.

ಆಲ್ಡಸ್ ಅಲ್ಲೇ ಇದ್ದರು. "ಕೊಂಡವರು ಬೇಡ ಅಂದ್ರಮ್ಮ. ಹುಡುಗಿ ತೀರಾ ಬಡಕಲು, ಊಟದ ಮನೇಲಿ ತೂಗುಹಾಕಿದ್ರೆ ಚೆನ್ನಾಗಿರಲ್ಲ ಅಂದ್ರು."

"ಆ ಬಣ್ಣ ಕೆರೆದ್ರೆ ನನ್ ಮಗಳು ಸಿಕ್ತಾಳಾ ಸ್ವಾಮಿ?"

"ಇಲ್ಲಮ್ಮ. ಅವಳನ್ನ ಒರೆಸಿಯೇ ನಾಯಿ ಬರ್ದಿದ್ದು. ಯಾಕೆ, ಹುಡುಗಿ ಮನೇಲಿಲ್ವಾ?"

ತೀರಿಹೋದಳೆಂದೆ. ಅವರು ಕೂಡಲೇ ನೆನಪಿನಿಂದಲೇ ಇನ್ನೊಂದು ಬರೆದುಕೊಡುತ್ತೇನೆಂದು ಕಾಗದ ತೆಗೆದರು. ಆಮೇಲೆ ಮೆಲ್ಲಗೆ, "ಕಣ್ಣು ಯಾವ ಬಣ್ಣ ಇತ್ತಮ್ಮಾ?" ಎಂದು ಕೇಳಿದರು. ನನಗೇನಾಯಿತೋ, ಹೋಗಿ ಆ ನಾಯಿಯನ್ನು ಉಗುರಿನಿಂದ ಕೆರೆಯತೊಡಗಿದೆ. ಕಾವಲುಗಾರ ತೋಳು ಹಿಡಿದು ಬೀದಿಗೆ ತಂದುಬಿಟ್ಟ.

ಮನೆಗೆ ಬಂದಾಗ ಜೇಬೆಜ್ ಬೇಲಿಯ ಹತ್ತಿರವೇ ಕಾದಿದ್ದ. "ಹೇಗ್ ಬಂದಿದಾಳೆ?"

"ನಗ್ತಾ ಇದಾಳೆ" ಎಂದೆ.

ಅಂದಿನಿಂದ ಅವನು ಹೊಟ್ಟೆತುಂಬ ಉಣ್ಣುತ್ತಿದ್ದಾನೆ. ನೀನು ಬಂದಾಗ ಬಾಯಿ ಬಿಡಬೇಡ. ನಿನ್ನ ಮಕ್ಕಳನ್ನು ದೇವರು ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ಡಾರ್ಕಸ್

ಮರೆತು ಉಳಿದ ಮಾತಲ್ಲ ಇದು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಚಿತ್ರದ ಕೊನೆಯ ದಿನ ಮಂಜುಮಳೆ. "ಅಮ್ಮಾ, ಕಾಲು ಮರಗಟ್ಟಿದೆ, ಒಳಗೆ ಬರ್ಲಾ?" ಎಂದು ಫೀಬಿ ಎರಡು ಸಲ ಕೂಗಿದಳು. ಆಲ್ಡಸ್ ಕೂಡ ಹೋಗಲಿ ಬಿಡಿ ಎಂದರು. ಚಿತ್ರದಲ್ಲಿ ಅವಳನ್ನು ಅರ್ಧಕ್ಕೇ ಬಿಟ್ಟುಬಿಟ್ಟಾರೆಂದು ನಾನೇ, "ಅಲ್ಲಾಡ್ದೆ ನಿಂತ್ಕೋ" ಎಂದು ಗದರಿದೆ. ನಿಂತಳು. ಮಾರನೆಯ ದಿನವೇ ಜ್ವರ ಬಂತು.